ಒಂಬತ್ತರ ಪಟ್ಟಿ

ಹನ್ನೊಂದು ಹೊಡೆದಿತ್ತು ರಾತ್ರಿ. ಬೆಟಗೇರ್ಯಾಗ
ಹಿಂದಿನ ಓಣಿಯ ಮಗ್ಗ ಒಂದು ಇನ್ನೂ ಬಡೀತಿತ್ತು.
ನಾಳೆ ಹಾವೇರಿಯೊಳಗ ಸಾಫ್ಟ್‌ಬಾಲ್. ಹದಿನಾಲ್ಕು ಹುಡುಗ್ಯಾರು,
ಆಡಾವ್ರು ಒಂಬತ್ತು ಮಂದಿ.
ನಾ ಆರರ ತನಕ ಬರದು ನಿಂತಿದ್ದೆ.

ಬಾಜೂಕ ಅಕ್ಕನ ಮಗ ಪಂಪಣ್ಣ ಕಂಪ್ಯೂಟರಿನ್ಯಾಗ
ಬೇಸ್‌ಬಾಲ್ ಹಚ್ಚಿದ್ದ. ಒಂದು ತಂಡ ಇಂವಂದು.
ಎದುರು ತಂಡಕ್ಕ ಮ್ಯಾನೇಜರ ಯಾರೋ ಅಂದ್ರ
‘ಯಾರೂ ಇಲ್ಲ ಚಿಗವ್ವಾ, ಅದಽ ಆಡತೈತಿ’ ಅಂದ.

ಯಾರೂ ಇಲ್ಲದ ಆ ಮ್ಯಾನೇಜರ
ಕಣ್ಣು ಪಿಳುಕಿಸೋದ್ರಾಗ ಒಂಬತ್ತು ಹೆಸರು ಇಳಿಸಿದ.
ಎಡಗೈಯವ ಚೆಂಡು ಒಗಿಯಾಕ ಬಂದಾನಂದ್ರ
ಬಲಗೈಯವರನ್ನ ಮುಂದ ತಂದ.
ಮೂರು ದಿನ ಕುಕ್ಕರಗಾಲಿಲೆ ಕುಂತ ಕ್ಯಾಚರಗ
ಇವತ್ತು ಸೂಟಿ.
ಓಡಾವ ಮೊದಲು, ಬಡಿಯಾವ ನಾಲ್ಕನೇದು,
ಹಳೇ ಹೆಸರುವಾಸಿ ಒಬ್ಬ, ಹೋದ ವರ್ಷದ ಹುಲಿಯಂತ,
ಬೆಂಚಿಗೆ.
ಮೀಸಿ ತಿರುವಲಿಲ್ಲ, ನೀರು ಕುಡೀಲಿಲ್ಲ,
ಯಾರ ಅಪ್ಪಗೂ ಫೋನ್ ಹಚ್ಚಲಿಲ್ಲ.

ನನಗ ಹೊಟ್ಟಿಕಿಚ್ಚು ಬಂತು, ಸುಳ್ಳು ಯಾಕ ಹೇಳ್ಲಿ.

‘ಏ, ನಮ್ಮ ಹುಡುಗ್ಯಾರನ್ನ ಇದರಾಗ ಹಾಕಾಕ ಬರ್ತೈತೇನೋ?’
ಬರ್ತಿತ್ತು. ಖಾನೆ ತೆಗದು ಕೊಟ್ಟ:
ಓಟ, ತೋಳು, ಕಣ್ಣು, ಹಿಡಿತ, ದಣಿವು.
ನೂರಕ್ಕ ಎಷ್ಟು, ಅಷ್ಟಽ.

ಚೈತ್ರಾ ಕಬಾಡಿ, ಓಟ ಎಂಬತ್ತೆರಡು.
ಗಿರಾಕಿ ಬಿಟ್ಟುಹೋದ ಚಿಲ್ಲರೆ ಹಿಡಕೊಂಡು
ಅವ್ವನ ಅಂಗಡಿಯಿಂದ ಬಸ್ಸಿನ ಹಿಂದ ಓಡೋದು ನೋಡೀನಿ.
ನಸ್ರೀನ ದಲಾಲ, ಕಣ್ಣು ತೊಂಬತ್ತು;
ಕೆಟ್ಟ ಚೆಂಡಿಗೆ ಬ್ಯಾಟ್ ಎತ್ತಂಗಿಲ್ಲ, ಕೆಟ್ಟ ಮಾತಿಗೆ ತಲಿ ಎತ್ತಂಗಿಲ್ಲ.
ಸುನಂದಾ ಉಮಚಗಿ, ಹಿಡಿತ
ನಲವತ್ತು ಅಂತ ಹೊಡೆದು, ಪಾಪ ಅನಿಸಿ
ಐವತ್ತೈದು ಮಾಡಿದೆ. ಪಂಪಣ್ಣ ನೋಡಿದ. ಸುಮ್ಮನಾದ.

ಹುಲಿಗೆಮ್ಮ ಭಜಂತ್ರಿ. ನನ್ನ ಪಿಚರ್.
ತೋಳು ತೊಂಬತ್ತಾರು. ಜಿಲ್ಲಾದಾಗ ಇಲ್ಲ ಅಂಥ ತೋಳು.
ದಣಿವಿನ ಖಾನೆಗೆ ಬಂದು ಬೆರಳು ನಿಂತ್ವು.
ನಾಲ್ಕಕ್ಕ ಎದ್ದು ನಳದ ನೀರು. ಸಾಲಿ ಬಿಟ್ಟಮ್ಯಾಲೆ
ಮಂದಿ ಮನ್ಯಾಗ ಕೂಲಿಗೆ ಕಂಡಿಕಿ ಸುತ್ತೋದು.
ಮೂರು ದಿನದಾಗ ಮೂರು ಮ್ಯಾಚು ಒಬ್ಬಾಕೀನಽ ಒಗದಾಳ,
ನಾನಽ ಒಗಸೀನಿ.
ನಿನ್ನೆ ಹಾಜರಿ ಕರದ್ರ
ಓ ಅನ್ನೋದು ಬಿಟ್ಟು ಕೈ ಎತ್ತಿದ್ಳು, ಎಡಗೈ.
ಬಲಗೈ ಮಡಿಲಾಗ ಇತ್ತು, ಯಾರದೋ ಕೂಸು ಮಲಗಿಸಿದಂಗ.
ತೊಂಬತ್ತು ಅಂತ ಒತ್ತಿದೆ.

ಪಂಪಣ್ಣ ಗುಂಡಿ ಒತ್ತಿದ.
ಒಂಬತ್ತು ಹೆಸರು ಬಿದ್ವು.
ಸುನಂದಾ ಬಂದಿದ್ಳು, ನನ್ನ ಹದಿನೈದು ಅಂಕದ ಪುಣ್ಯಾದಿಂದ.
ಹುಲಿಗೆಮ್ಮ ಇರಲಿಲ್ಲ.

‘ಇದಕ್ಕೇನು ತಿಳಿತೈತಿ!’ ಅಂದೆ.
‘ನೀನಽ ಹೇಳೀಯಲ್ಲ ಚಿಗವ್ವಾ ಅದಕ್ಕ’ ಅಂದ ಹುಡುಗ,
ಬಾಯಾಗ ಶೇಂಗಾ ಇಟಗೊಂಡು.

ಮುಂಜಾನೆ ಬಸ್ ಸ್ಟ್ಯಾಂಡಿನ್ಯಾಗ ಪಟ್ಟಿ ಓದಿದೆ.
ಸುನಂದಾನ ಹೆಸರು ಹೊಡೆದುಹಾಕಿದ್ದೆ ಮೊದಲಽ,
ಹುಲಿಗೆಮ್ಮನ ಹೆಸರು ಮಾತ್ರ
ಎರಡು ಸಲ ಬರದು, ಎರಡು ಸಲ ಅಳಿಸಿದ್ದೆ.
‘ಟೀಚರ್, ನಾ?’

ಈ ಪ್ರಶ್ನೆ ಆ ಮ್ಯಾನೇಜರಗ ಯಾರೂ ಕೇಳಂಗಿಲ್ಲ.
ಅವನ ಬೆಂಚಿನ ಮ್ಯಾಲೆ ಕುಂತವರಿಗೆ ಬಾಯಿಲ್ಲ,
ಜಡಿಯಿಲ್ಲ, ಇವತ್ತಿಗಂತ ಕಟ್ಟಿದ ಹೊಸ ರಿಬ್ಬನ್ನಿಲ್ಲ.
ಕಂಪ್ಯೂಟರ್ ಹೇಳಿತು ಅನ್ನಬಹುದಿತ್ತು.
‘ನಾನಽ ಬಿಟ್ಟೀನಿ’ ಅಂದೆ. ‘ನಿನ್ನ ಭುಜ ನೋಡಿ.
ಮೊದಲಽ ನೋಡಬೇಕಿತ್ತು.’

ಸಿಟ್ಟಿಲೆ ಕಿಟಕಿ ಕಡೆ ಮುಖ ಮಾಡಿದ್ಳು.
ಲಕ್ಷ್ಮೇಶ್ವರ ಬರೋದ್ರಾಗ ತಲಿ ನನ್ನ ತೋಳಿಗೆ ಬಿತ್ತು.
ಎಂಬತ್ತೈದು, ಅಂದಕೊಂಡೆ.
ಸವಣೂರಿನ್ಯಾಗ ಚಹಾಕ್ಕ ನಿಲ್ಲಿಸಿದ್ರೂ ಏಳಲಿಲ್ಲ. ಎಂಬತ್ತು.
ಸೋತರ ಹೆಡ್ಮಾಸ್ತರು ನನ್ನನ್ನಽ ಕೇಳ್ತಾರ.
ಬಸ್ಸು ತೆಗ್ಗಿನ್ಯಾಗ ಕುಣೀತು.
ತೋಳು ಜೋಮು ಹಿಡಿದಿತ್ತು, ಅಲುಗಿಸಲಿಲ್ಲ.